ಸಪಾಟು ಅಂಗಳಕ್ಕೆ ಮೆಟ್ಟಿಲು ಬಂದದ್ದು

"ನಮ್ಮ ಅಂಗಳಕ್ಕೆ ನಾನು ಎಂಥ ಕಲ್ಲು ಹಾಸಿಸ್ತೀನಿ ಅಂದ್ರೆ, ಗೇಟು ತೆರೆದವರು ಮೂಗಿನ ಮೇಲೆ ಬೆರಳಿಟ್ಕೊಂಡು ಅಲ್ಲೇ ನಿಂತುಬಿಡಬೇಕು!"

ಹೀಗೆಂದು ನಾನು ಒಂದು ಭಾನುವಾರ ಬೆಳಗ್ಗೆ, ಕೈಯಲ್ಲಿ ಕಾಫಿ ಲೋಟ ಹಿಡಿದು, ಹೆಂಡತಿಯ ಎದುರು ಘೋಷಿಸಿದೆ. ಘೋಷಣೆ ಅಕ್ಷರಶಃ ನಿಜವಾಯಿತು. ಗೇಟು ತೆರೆದವರೆಲ್ಲ ಅಲ್ಲೇ ನಿಂತುಬಿಟ್ಟರು. ಒಳಗೆ ಮಾತ್ರ ಬರಲಿಲ್ಲ. ಅದು ಹೇಗಾಯಿತು ಎಂದು ಹೇಳುತ್ತೇನೆ. ನಗಬೇಕೆನಿಸಿದರೆ ಧಾರಾಳವಾಗಿ ನಗಿ, ನಮ್ಮ ಮನೆಯವರು ಆಗಲೇ ನಕ್ಕು ಮುಗಿಸಿದ್ದಾರೆ.

ನನ್ನ ಕೆಲಸ ಏನೆಂದು ಮೊದಲು ತಿಳಿಸಬೇಕು. ಕಟ್ಟಡಗಳ ನಕ್ಷೆ ಮಾಡುವ ಆಫೀಸಿನಲ್ಲಿದ್ದೇನೆ. ನಮ್ಮ ಬಾಸ್ ಇನ್ನೂ ಕಟ್ಟದ ಮನೆ, ಇನ್ನೂ ಕಟ್ಟದ ಹೋಟೆಲುಗಳ ಚಿತ್ರ ಬರೆಯುತ್ತಾರೆ. ಆ ಚಿತ್ರದಲ್ಲಿ ನೆಲ ಬೆತ್ತಲೆಯಾಗಿರುತ್ತದೆ. ಕಂಪ್ಯೂಟರಿನಲ್ಲಿ ಅದಕ್ಕೆ ಕಲ್ಲು ಹೊದಿಸಿ ಮಾನ ಕಾಪಾಡುವುದು ನನ್ನ ಹೊಣೆ. ಅದಕ್ಕೆಂದೇ ಕಲ್ಲುಹಾಸಿನ ಫೋಟೋಗಳ ಒಂದು ಭಂಡಾರ ಕೂಡಿಟ್ಟಿದ್ದೇನೆ. ಉಳಿಪೆಟ್ಟಿನ ಒರಟು ಕಲ್ಲು, ಬೆಂಕಿ ತಗುಲಿಸಿ ತರಿತರಿ ಮಾಡಿದ ಕಲ್ಲು, ಮುಖ ಕಾಣುವಷ್ಟು ನುಣುಪು ಕಲ್ಲು, ಬೀಸಣಿಗೆಯಂತೆ ಜೋಡಿಸಿದ್ದು, ಮೀನಿನ ಮುಳ್ಳಿನಂತೆ ಜೋಡಿಸಿದ್ದು, ಚಾಪೆಯಂತೆ ನೇಯ್ದದ್ದು! ಒಂದು ಚೌಕದ ಫೋಟೋ ಇದ್ದರೆ ಸಾಕು, ಅಂಚಿಗೆ ಅಂಚು ಕೂಡಿಸುತ್ತ ಹೋದರೆ ಮೈದಾನವನ್ನೇ ಹಾಸಿಬಿಡಬಹುದು. ಬೆವರಿಲ್ಲ, ಧೂಳಿಲ್ಲ, ಬೆರಳಿಗೆ ಸುತ್ತಿಗೆ ಏಟಿಲ್ಲ. ಆಫೀಸಿನವರು ನನಗೆ ಶಿಲಾಶಾಸ್ತ್ರಿ ಎಂದು ಅಡ್ಡಹೆಸರಿಟ್ಟಿದ್ದಾರೆ. ಅವರು ಗೇಲಿಗೆ ಇಟ್ಟದ್ದು, ನಾನು ಬಿರುದೆಂದು ಸ್ವೀಕರಿಸಿದ್ದೇನೆ. ಇಷ್ಟೆಲ್ಲ ಆದರೂ ನಾನು ಹಾಸಿದ ಕಲ್ಲಿನ ಮೇಲೆ ಚಿತ್ರದೊಳಗಿನ ಜನರನ್ನು ಬಿಟ್ಟರೆ ಆವರೆಗೆ ಯಾರೂ ಕಾಲಿಟ್ಟಿರಲಿಲ್ಲ. ಅವರು ಯಾರೂ ಎಡವಿದ್ದನ್ನು ನಾನು ನೋಡಿಲ್ಲ.

ಅಂಗಳದ ಮಾತು ಎದ್ದದ್ದು ನಮ್ಮ ಮಾವನವರ ದೆಸೆಯಿಂದ. ಮಾವ, ಅಂದರೆ ನನ್ನ ಹೆಂಡತಿಯ ತಂದೆ, ಕಸುಬಿನಲ್ಲಿ ದರ್ಜಿ. ಜೀವನವಿಡೀ ಹೊಲಿಗೆ ಮೆಷಿನ್ನಿನ ಮೇಲೆ ಬಾಗಿ ಬಾಗಿ, ಈಗ ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸುವುದಿರಲಿ, ಸೂಜಿ ಯಾವುದು ಬೆರಳು ಯಾವುದು ಎಂದು ತಿಳಿಯದ ಹಾಗಾಗಿತ್ತು. ದೊಡ್ಡ ಮಗಳ ಮನೆಯಲ್ಲಿದ್ದರು. ಅಲ್ಲಿನ ಮಿಂಚುವ ನೆಲದ ಮೇಲೆ ಒಮ್ಮೆ ಜಾರಿ ಬಿದ್ದು, ಮೂಳೆ ಉಳಿದರೂ ಧೈರ್ಯ ಮುರಿದಿತ್ತು. ಕಣ್ಣಿನ ಆಸ್ಪತ್ರೆ ನಮ್ಮ ಮನೆಗೆ ಹತ್ತಿರವಾದ್ದರಿಂದ ಆಪರೇಷನ್ನು ಇಲ್ಲೇ, ಆರೈಕೆಯೂ ಇಲ್ಲೇ ಎಂದು ಅಕ್ಕತಂಗಿಯರು ತೀರ್ಮಾನಿಸಿದ್ದರು. ನಮ್ಮ ಗೇಟಿನಿಂದ ಬಾಗಿಲಿನ ತನಕ ಇದ್ದದ್ದೋ, ಮರದ ಬೇರು ಒದ್ದು ಸೀಳಿದ ಹಳೆಯ ಕಾಂಕ್ರೀಟು. ಒಂದು ಕಡೆ ಉಬ್ಬು, ಒಂದು ಕಡೆ ಗುಂಡಿ.

"ಸಿಮೆಂಟು ಬಳಿಸಿ ಸಮ ಮಾಡ್ಸಿ, ಸಾಕು. ಅಪ್ಪ ಇನ್ನೊಂದು ಸಲ ಬಿದ್ರೆ ಮತ್ತೆ ಎದ್ದು ಓಡಾಡೋ ಮನಸ್ಸು ಮಾಡಲ್ಲ," ಎಂದಳು ಹೆಂಡತಿ.

"ಸಿಮೆಂಟು? ಶಿಲಾಶಾಸ್ತ್ರಿ ಮನೆ ಅಂಗಳಕ್ಕೆ? ಜನ ಏನಂತಾರೆ?"

"ಏನೂ ಅನ್ನಲ್ಲ ರೀ. ನಡ್ಕೊಂಡು ಒಳಗೆ ಬರ್ತಾರೆ."

ಈ ಮಾತಿನಲ್ಲಿ ಎಷ್ಟು ತತ್ವವಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಆಗ ಮಾತ್ರ, ಕಲೆಯ ಗಂಧವಿಲ್ಲದ ಜನರ ನಡುವೆ ಬಾಳಬೇಕಾಯಿತಲ್ಲ ಎಂದು ಮರುಗುತ್ತ ಆಫೀಸಿಗೆ ಹೋಗಿ ಭಂಡಾರ ತೆರೆದೆ.

ಹುಡುಕಿ ಹುಡುಕಿ ಒಂದು ಮಾದರಿ ಆರಿಸಿದೆ. ಓರೆ ಚೌಕದ ಕಲ್ಲುಗಳು. ಮೂರು ಬಣ್ಣ: ಒಂದು ಬಿಳಿಚು, ಒಂದು ಬೂದಿ, ಒಂದು ಕಡುಗಪ್ಪು. ಮೂರು ಕಲ್ಲು ಮೂತಿಗೆ ಮೂತಿ ಕೂಡಿದರೆ ಒಂದು ಆರು ಮೂಲೆಯ ಹೂವು. ಪರದೆಯ ಮೇಲೆ ಹರಡಿದೆ. ಆಹಾ! ಕಲ್ಲಿಗೆ ಜೀವ ಬಂದಂತಾಯಿತು. ಪಕ್ಕದ ಮೇಜಿನ ಸಹೋದ್ಯೋಗಿ ಕುತ್ತಿಗೆ ಚಾಚಿ ನೋಡಿ, ಇದು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತದಲ್ಲ, ಬಾಸ್ ಇದನ್ನು ಗೋಡೆಗೆ ಮಾತ್ರ ಬಳಸುತ್ತಾರಲ್ಲ ಎಂದು ಅನುಮಾನಪಟ್ಟಳು. ಹಾಗೆ ಕಾಣುವುದನ್ನೇ ಆಳ ಎನ್ನುತ್ತಾರೆ, ಆಳವಿಲ್ಲದ್ದು ಕಲೆಯೇ ಅಲ್ಲ ಎಂದು ನಾನು ಅವಳಿಗೆ ಪಾಠ ಹೇಳಿದೆ. ಅವಳು ಭುಜ ಕುಣಿಸಿ ತನ್ನ ಕೆಲಸಕ್ಕೆ ತಿರುಗಿದಳು.

ಮೇಸ್ತ್ರಿ ಬಂದ. ಕಲ್ಲು ಬಂತು. ಹೆಂಡತಿ ಆ ವಾರವೆಲ್ಲ ಹಿಂಬಾಗಿಲಿನಿಂದ ಓಡಾಡಿದ್ದರಿಂದ ಕೆಲಸ ಮುಗಿಯುವ ತನಕ ಅವಳಿಗೆ ಏನೂ ಸರಿಯಾಗಿ ಕಾಣಲಿಲ್ಲ. ಮೇಸ್ತ್ರಿ ಕೂತು ಕೆಲಸ ಮಾಡುವಾಗ ಚೆನ್ನಾಗಿಯೇ ಇದ್ದ, ಎದ್ದು ನಿಂತರೆ ಗೋಡೆ ಹಿಡಿಯುತ್ತಿದ್ದ. ಬಿಸಿಲಿನ ಪ್ರಭಾವ ಎಂದುಕೊಂಡೆ. ಕೊನೆಯ ದಿನ ರಸಮಟ್ಟ ಇಟ್ಟು ತೋರಿಸಿದ. ಅದರ ಗಾಜಿನ ನಳಿಕೆಯೊಳಗಿನ ಗುಳ್ಳೆ ಮಧ್ಯಕ್ಕೆ ನಿಂತರೆ ನೆಲ ಮಟ್ಟಸ ಎಂದು ಅರ್ಥ. ಅಂಗಳದ ಯಾವ ಮೂಲೆಯಲ್ಲಿಟ್ಟರೂ ಗುಳ್ಳೆ ಮಧ್ಯ ಬಿಟ್ಟು ಕದಲಲಿಲ್ಲ. ನಾನು ಬೀಗಿದೆ. ಮೇಸ್ತ್ರಿ ಸಾಮಾನು ಹೊತ್ತು ಗೇಟಿನ ಕಡೆ ಹೊರಟವನು, ಅಂಗಳದ ನಡುವೆ ಏನೂ ಇಲ್ಲದ ಕಡೆ ಕಾಲನ್ನು ಎತ್ತರಕ್ಕೆ ಎತ್ತಿ, ಧೊಪ್ಪನೆ ಕೆಳಗಿಟ್ಟು, ನೆಲ ತನಗೆ ಏನೋ ಅಂದಿತು ಎನ್ನುವಂತೆ ತಿರುಗಿ ನೋಡಿದ. ಮತ್ತೆ ರಸಮಟ್ಟ ತೆಗೆದು ಅಲ್ಲೇ ಇಟ್ಟ. ಗುಳ್ಳೆ ಮಧ್ಯದಲ್ಲೇ ಇತ್ತು.

"ನೆಲ ಸರಿಯಾಗೇ ಇದೆ ಸಾರ್. ನನ್ ತಲೇನೇ ಯಾಕೋ ಓರೆ ಆದಂಗಿದೆ," ಎಂದು ಹೇಳಿ, ಗೋಡೆ ಸವರಿಕೊಂಡು ಹೊರಟುಹೋದ.

ಅಲ್ಲಿಂದ ಶುರುವಾಯಿತು ನೋಡಿ ಗೊಂದಲ. ಹೆಂಡತಿ ಮುಂಬಾಗಿಲು ತೆರೆದು ಹೊರಗೆ ಕಾಲಿಡಲು ಹೋದವಳು ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಏನ್ರೀ, ನಾನು ಸಮ ಮಾಡ್ಸಿ ಅಂದ್ರೆ ನೀವು ಮೆಟ್ಟಿಲು ಮಾಡ್ಸಿದ್ದೀರಲ್ಲ?"

"ಮೆಟ್ಟಿಲೇ ಇಲ್ಲ ಕಣೇ."

"ಮತ್ತೆ ಇದೇನು?"

"ಅದು ಬರೀ ಕಾಣುತ್ತೆ, ಅಷ್ಟೇ."

"ಕಾಣೋದನ್ನ ನೋಡ್ಕೊಂಡೇ ಅಲ್ವಾ ರೀ ಜನ ಕಾಲಿಡೋದು?"

ಉತ್ತರವಿಲ್ಲದ ಪ್ರಶ್ನೆಗಳನ್ನು ಕೇಳುವುದರಲ್ಲಿ ನನ್ನ ಹೆಂಡತಿ ನಿಸ್ಸೀಮಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗಿ, ನಡೆದು ತೋರಿಸುತ್ತೇನೆ ನೋಡು ಎಂದು ಇಳಿದೆ. ನಾಲ್ಕು ಹೆಜ್ಜೆ ಶೂರನಂತೆ ಇಟ್ಟೆ. ಆಮೇಲೆ ಕೆಳಗೆ ನೋಡಿಬಿಟ್ಟೆ. ಬಿಳಿಯ ಕಲ್ಲು ಮೇಲೆದ್ದು, ಕರಿಯ ಕಲ್ಲು ಪಾತಾಳಕ್ಕಿಳಿದು, ನಾನು ಯಾವುದೋ ಗೋಪುರದ ಅಂಚಿನಲ್ಲಿ ನಿಂತಂತಾಯಿತು! ಕಣ್ಣು ಮಿಟುಕಿಸಿದರೆ ಉಬ್ಬಿದ್ದೆಲ್ಲ ತಗ್ಗಾಯಿತು, ತಗ್ಗೆಲ್ಲ ಉಬ್ಬಾಯಿತು. ಆಫೀಸಿನ ಪರದೆಯ ಮೇಲೆ ನಾನು ಅದನ್ನು ನೆತ್ತಿಯ ಮೇಲಿನಿಂದ ನೋಡಿದ್ದೆ, ಹದ್ದು ನೋಡಿದ ಹಾಗೆ. ಹದ್ದು ಅಂಗಳದಲ್ಲಿ ನಡೆಯುವುದಿಲ್ಲ ಎನ್ನುವುದು ಹೊಳೆದಿರಲಿಲ್ಲ. ಗೇಟಿನಿಂದ ನೋಡಿದರೆ ಮೆಟ್ಟಿಲು ಏರುತ್ತಿತ್ತು, ಬಾಗಿಲಿನಿಂದ ನೋಡಿದರೆ ಇಳಿಯುತ್ತಿತ್ತು. ಹೀಗಾಗಿ ನಾನು ಬೆಳಗ್ಗೆ ಇಲ್ಲದ ಮೆಟ್ಟಿಲು ಇಳಿದು ಆಫೀಸಿಗೆ ಹೋಗಿ, ಸಂಜೆ ಇಲ್ಲದ ಮೆಟ್ಟಿಲು ಹತ್ತಿ ಮನೆಗೆ ಬರತೊಡಗಿದೆ. ಯಾರಾದರೂ ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದೆ.

ಬೇರೆಯವರ ಪಾಡು ಹೇಳತೀರದು. ಪಾರ್ಸೆಲ್ ತರುವವನು ಗೇಟಿನಲ್ಲೇ ನಿಂತು ಕೂಗಿ, ಕೆಲಸ ನಡೀತಿದೆಯಾ, ಯಾವ ಕಡೆಯಿಂದ ಬರಲಿ ಎಂದು ಕೇಳುತ್ತಿದ್ದ. ಪಕ್ಕದ ಮನೆಯ ಮೇಷ್ಟ್ರು ಪ್ಯಾಂಟು ಎತ್ತಿ ಹಿಡಿದು, ಹಳ್ಳ ದಾಟುವವರಂತೆ ಬಿಳಿಯ ಕಲ್ಲಿನಿಂದ ಬಿಳಿಯ ಕಲ್ಲಿಗೆ ಹಾರಿ ಬಂದರು. ಅವರ ನಾಯಿ ಗೇಟಿನಾಚೆ ಕೂತು ಊಳಿಟ್ಟಿತು. ಮೇಷ್ಟ್ರು ಸುಧಾರಿಸಿಕೊಂಡು, ಇಷ್ಟು ಮೆಟ್ಟಿಲು ಇಡುವ ಬದಲು ಇಳಿಜಾರು ಮಾಡಿಸಿದ್ದರೆ ವಯಸ್ಸಾದವರಿಗೆ ಅನುಕೂಲವಾಗುತ್ತಿತ್ತು ಎಂದು ಸಲಹೆ ಕೊಟ್ಟರು. ಮೆಟ್ಟಿಲಿಲ್ಲ ಎಂದು ನಾನು ಹೇಳಿದ್ದಕ್ಕೆ, ಹಾಗಾದರೆ ನಾನು ಏನು ಹತ್ತಿ ಬಂದೆ ಎಂದು ಕೇಳಿದರು. ಒಂದು ಮನೆಯಲ್ಲಿ ಅಂಥ ಪ್ರಶ್ನೆ ಕೇಳುವವಳು ಒಬ್ಬಳಿದ್ದರೇ ಸಾಕಾಗಿತ್ತು.

ಮಾವ ಬರುವ ದಿನ ಹೆಂಡತಿ ಹಾಸಿಗೆಯ ಚಾದರಗಳನ್ನೆಲ್ಲ ಒಟ್ಟುಮಾಡಿ ಅಂಗಳಕ್ಕೆ ಹಾಸುವುದೆಂದು ನಿಶ್ಚಯಿಸಿದ್ದಳು. ಚಾದರ ಬೀರುವಿನಿಂದ ಹೊರಬರುವುದರೊಳಗೆ ಕಾರು ಬಂದೇಬಿಟ್ಟಿತು. ಮಾವ ಇಳಿದರು. ಚೀಲ ಹೆಗಲಿಗೇರಿಸಿದರು. ನಾವು ಬಾಗಿಲಿನಲ್ಲೇ ನಿಂತೆವು. ಮಾವ ಮೈದಾನದಲ್ಲಿ ಅಡ್ಡಾಡುವವರಂತೆ ಸಲೀಸಾಗಿ, ಕಾಲೆತ್ತದೆ, ತಡವರಿಸದೆ, ನೇರವಾಗಿ ನಡೆದು ಬಂದು ಬಾಗಿಲು ಮುಟ್ಟಿದರು!

"ಅಳಿಯಂದಿರೇ, ನೆಲ ಬಹಳ ನಯವಾಗಿ ಮಾಡಿಸಿದ್ದೀರಿ. ಇಸ್ತ್ರಿ ಹೊಡೆದ ಬಟ್ಟೆ ಮೇಲೆ ನಡೆದ ಹಾಗಾಯ್ತು."

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಸಂಗತಿ ಏನೆಂದರೆ, ಪೊರೆ ಬಂದ ಕಣ್ಣಿಗೆ ಬಿಳಿ, ಬೂದಿ, ಕಪ್ಪು ಎಲ್ಲ ಕಲಸಿ ಒಂದೇ ಮಂಜು. ಆ ಮಂಜಿಗೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಇಡೀ ಮನೆಯಲ್ಲಿ ನೆಲವನ್ನು ನೆಲವಾಗಿ ಕಂಡವರು ಅವರೊಬ್ಬರೇ. ಆಮೇಲಿನ ದಿನಗಳಲ್ಲಿ ನಡೆದದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಪಾರ್ಸೆಲ್ ಬಂದರೆ ಗೇಟಿನ ತನಕ ಹೋಗಿ ತರುವವರು ಮಾವ. ಮೇಷ್ಟ್ರು ಬಂದರೆ ಅವರ ಕೈಹಿಡಿದು ಒಳಗೆ ಕರೆತರುವವರು ಮಾವ. ಕಣ್ಣು ಕಾಣದವರು ಕಣ್ಣಿದ್ದವರಿಗೆ ದಾರಿ ತೋರಿಸಿ, ಹೆದರಬೇಡಿ ಮೇಷ್ಟ್ರೇ, ನೆಲ ಸಮವಾಗಿದೆ ಎಂದು ಧೈರ್ಯ ಹೇಳುತ್ತಿದ್ದರು! ಜಾರಿ ಬಿದ್ದ ಮೇಲೆ ಕಳೆದುಹೋಗಿದ್ದ ಅವರ ಚೈತನ್ಯ ಮರಳಿ ಬಂದಿತ್ತು. ಅದು ನನ್ನ ಕಲ್ಲಿನಿಂದಲೇ ಬಂತೆಂದು ನಾನು ಆಫೀಸಿನಲ್ಲೆಲ್ಲ ಸಾರಿದೆ.

ಹೆಂಡತಿಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ಅಪ್ಪನಿಗೆ ಕಣ್ಣು ಬಂದ ಮೇಲೆ ಏನು ಗತಿ ಎಂದಳು. ಮೊದಲು ಬಲಗಣ್ಣಿಗೆ, ಅದು ಗುಣವಾದ ಮೇಲೆ ಎಡಗಣ್ಣಿಗೆ ಎಂದು ಡಾಕ್ಟರು ಗೊತ್ತುಮಾಡಿದ್ದರು. ಆಪರೇಷನ್ ಆದವರು ಬೀಳುವುದಿರಲಿ, ಮುಗ್ಗರಿಸಲೂ ಬಾರದು ಎಂದು ಎಚ್ಚರಿಸಿದ್ದರು. ಅಷ್ಟರೊಳಗೆ ಕಲ್ಲಿಗೆ ಒಂದು ಪದರ ಸಿಮೆಂಟು ಬಳಿಸಿಬಿಡಿ ಎಂದು ಅವಳು ಅಂಗಲಾಚಿದಳು. ನಾನು ಒಪ್ಪಲಿಲ್ಲ. ಮಬ್ಬುಗಣ್ಣಿನಲ್ಲೇ ಇಷ್ಟು ಮೆಚ್ಚಿದವರು ಒಳ್ಳೆಯ ಕಣ್ಣಿನಲ್ಲಿ ನೋಡಿದರೆ ಇನ್ನೆಷ್ಟು ಮೆಚ್ಚಬಹುದು, ಅವರೇ ಹೇಳಲಿ ಬಿಡು ಎಂದೆ. ಹಗಲು ಕಂಡ ಬಾವಿಗೆ ಇರುಳು ಬೀಳುವುದೆಂದರೆ ಇದೇ.

ಆಪರೇಷನ್ನು ಸುಸೂತ್ರವಾಗಿ ಆಯಿತು. ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದರು. ಮನೆಗೆ ಬರುವ ದಾರಿಯಲ್ಲಿ ಮಾವನವರ ಸಂಭ್ರಮ ನೋಡಬೇಕಿತ್ತು. ಅಂಗಡಿಗಳ ಬೋರ್ಡುಗಳನ್ನೆಲ್ಲ ಜೋರಾಗಿ ಓದಿದರು. ಎದುರಿಗೆ ಹೋದವನ ಅಂಗಿಯ ಕಾಲರು ಸರಿಯಾಗಿ ಕೂತಿಲ್ಲ ಎಂದರು. ಮಗಳ ಮುಖವನ್ನು ಬಹಳ ಹೊತ್ತು ನೋಡಿ, ನಿನಗೆ ಯಾವಾಗ ಇಷ್ಟು ಕೂದಲು ನರೆಯಿತಮ್ಮ ಎಂದು ಕೇಳಿದರು. ಅವಳು ನಗುತ್ತ ನಗುತ್ತ ಅತ್ತುಬಿಟ್ಟಳು. ನನ್ನನ್ನು ನೋಡಿ ಏನೋ ಹೇಳಹೊರಟು, ದೊಡ್ಡವರಾದ್ದರಿಂದ ಮತ್ತೆ ಬೋರ್ಡುಗಳ ಕಡೆ ತಿರುಗಿದರು.

ಗೇಟು ತೆರೆದೆ. ಮಾವ ಒಂದು ಹೆಜ್ಜೆ ಇಟ್ಟು ನಿಂತರು.

"ನಾವು ಆಸ್ಪತ್ರೇಲಿದ್ದಾಗ ಯಾರಮ್ಮ ಅಂಗಳ ಅಗೆದು ಹಾಕಿದ್ದು?"

"ಯಾರೂ ಅಗೆದಿಲ್ಲ ಅಪ್ಪ. ಅದೇ ನೆಲ."

"ಅದೇ ನೆಲ ಹೇಗಾಗುತ್ತೆ? ಆ ನಯವಾದ ನೆಲ ಎಲ್ಲಿ ಹೋಯ್ತು?"

ಅದು ಎಲ್ಲಿಗೂ ಹೋಗಿಲ್ಲ, ಅದು ಯಾವತ್ತೂ ಹೀಗೇ ಇತ್ತು, ಹೀಗಿದ್ದರೂ ಹೀಗಿಲ್ಲ, ಕಾಣುವುದು ಬೇರೆ ಇರುವುದು ಬೇರೆ ಎಂದು ನಾನು ವಿವರಿಸಿದೆ. ನನ್ನ ವಿವರಣೆ ಕೇಳಿ ನನಗೇ ತಲೆ ಸುತ್ತಿತು. ಮಾವ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರು. ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರು. ಮತ್ತೆ ಅದು, ಮತ್ತೆ ಇದು. ಬೀದಿಯಲ್ಲಿ ಹೋಗುವವರು ಈ ಯಜಮಾನರು ಯಾರಿಗೆ ಇಷ್ಟೊಂದು ಕಣ್ಣು ಹೊಡೆಯುತ್ತಿದ್ದಾರೆ ಎಂದು ಇಣುಕಿ ನೋಡಿ ಹೋದರು. ಹಳೆಯ ಕಣ್ಣಿಗೆ ನೆಲ ಸಮವಾಗಿತ್ತು, ಹೊಸ ಕಣ್ಣಿಗೆ ಗುಂಡಿ, ಮೆಟ್ಟಿಲು! ಕಾಲಿಟ್ಟು ನಡೆದು ಪರಿಚಯವಿದ್ದ ನೆಲ ಸುಳ್ಳಾಡುವುದೇ? ಹಾಗಾದರೆ ಸುಳ್ಳಾಡುತ್ತಿರುವುದು ಯಾವುದು? ಮಾವನವರ ಮುಖದಲ್ಲಿ ಬೆಳಗಿನ ಸಂಭ್ರಮ ಇಳಿಯುತ್ತ ಬಂತು.

"ಡಾಕ್ಟರು ಏನೋ ಎಡವಟ್ಟು ಮಾಡಿದ್ದಾರೆ ಕಣಮ್ಮ. ಇರೋದನ್ನ ತೋರಿಸ್ತಿದ್ದ ಕಣ್ಣಿಗೆ ಇಲ್ಲದ್ದು ಕಾಣೋ ಹಾಗಾಗಿದೆ. ಇನ್ನೊಂದು ಕಣ್ಣನ್ನಾದ್ರೂ ಉಳಿಸ್ಕೊಳ್ತೀನಿ. ಅದಕ್ಕೆ ಆಪರೇಷನ್ ಬೇಡ."

ಹೆಂಡತಿ ನನ್ನ ಕಡೆ ನೋಡಿದಳು. ನನ್ನ ಮೂರು ಬಣ್ಣದ ಕಲ್ಲಿನಿಂದಾಗಿ ಒಬ್ಬ ಮನುಷ್ಯ ತನ್ನ ಒಳ್ಳೆಯ ಕಣ್ಣನ್ನು ನಂಬದೆ ಕೆಟ್ಟ ಕಣ್ಣನ್ನು ಅಪ್ಪಿಕೊಂಡು ಕೂರುವ ಕಾಲ ಬಂತಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಏನಾದರೂ ಮಾಡಲೇಬೇಕಿತ್ತು.

"ಮಾವ, ನಿಮ್ಮ ಕಣ್ಣು ಸರಿಯಾಗೇ ಇದೆ. ನೆಲವೂ ಸರಿಯಾಗೇ ಇದೆ. ಇಲ್ಲಿ ನೋಡಿ, ನಾನು ನಡೆದು ತೋರಿಸ್ತೀನಿ," ಎಂದೆ.

ಬೆನ್ನು ನೆಟ್ಟಗೆ ಮಾಡಿದೆ. ಎದೆ ಸೆಟೆಸಿದೆ. ಗೇಟಿನಿಂದ ಬಾಗಿಲಿಗೆ, ಮೆರವಣಿಗೆಯ ಮುಂದಾಳಿನಂತೆ ಹೊರಟೆ. ಹಿಂದೆ ಗೇಟಿನಲ್ಲಿ ಮಾವ, ಹೆಂಡತಿ. ಬೇಲಿಯಾಚೆ ಮೇಷ್ಟ್ರು, ಮೇಷ್ಟ್ರ ನಾಯಿ. ಕೆಳಗೆ ನೋಡಬಾರದು ಎಂದು ಮನಸ್ಸಿನಲ್ಲೇ ಜಪಿಸಿದೆ. ನೋಡಬಾರದು ಎಂದುಕೊಂಡದ್ದನ್ನು ನೋಡದೆ ಇರುವ ಶಕ್ತಿ ನಮ್ಮ ವಂಶದಲ್ಲಿ ಯಾರಿಗೂ ಬಂದಿಲ್ಲ. ನೋಡಿದೆ. ಎದುರಿಗೆ ದೊಡ್ಡದೊಂದು ಬಿಳಿಯ ಮೆಟ್ಟಿಲು ಎದ್ದು ನಿಂತಿತ್ತು. ಇಲ್ಲ, ಅದು ಇಲ್ಲ ಎಂದು ತಲೆ ಹೇಳಿತು. ಇದೆ ಎಂದು ಕಾಲು ಹೇಳಿತು. ತಲೆಯ ಮಾತು ಕೇಳಿ ಒಂದು ಕಾಲು ಕೆಳಗೆ, ತನ್ನ ಮಾತೇ ಕೇಳಿ ಇನ್ನೊಂದು ಕಾಲು ಮೇಲೆ! ಎರಡೂ ಗಾಳಿಯಲ್ಲಿ ಒಂದಕ್ಕೊಂದು ತೊಡರಿಕೊಂಡವು. ಮುಂದಿನ ಕ್ಷಣದಲ್ಲಿ ಶಿಲಾಶಾಸ್ತ್ರಿಗಳು ಶಿಲೆಯ ಮೇಲೆ ಅಂಗಾತ ಬಿದ್ದಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ನನಗೆ ಮೀಸೆಯೂ ಇರಲಿಲ್ಲ. ನಾಯಿ ಬೊಗಳಿತು. ನೆಲ ಎಳ್ಳಷ್ಟೂ ಓರೆಯಿಲ್ಲದೆ ಮಟ್ಟಸವಾಗಿದೆ ಎಂದು ಬೆನ್ನಿಗೆ ಚೆನ್ನಾಗಿ ತಿಳಿಯಿತು.

ಹೆಂಡತಿ ಓಡಿ ಬರಲು ಹೋಗಿ ಅಂಗಳ ನೋಡಿ ನಿಂತಳು. ಮಾವ ಮಾತ್ರ ನನ್ನನ್ನೂ ನೆಲವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು. ಅವರ ಮುಖ ಮೆಲ್ಲಗೆ ಅರಳಿತು. ಅಳಿಯ ಬಿದ್ದದ್ದಕ್ಕೆ ಮಾವನೊಬ್ಬ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಡಾಕ್ಟರದ್ದೇನೂ ತಪ್ಪಿಲ್ಲ ಕಣಮ್ಮ. ಅಳಿಯಂದಿರ ಕಣ್ಣಿಗೂ ಹಾಗೇ ಕಾಣ್ತಿದೆ."

ಹೀಗೆಂದು, ಹೊಸ ಬಲಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಮಬ್ಬು ಎಡಗಣ್ಣೊಂದನ್ನೇ ತೆರೆದು, ಮಗಳ ಕೈಹಿಡಿದು ಹೊರಟರು. ಅವಳು ಹೆಜ್ಜೆ ಹೆಜ್ಜೆಗೂ ಕಾಲೆತ್ತಿದಳು, ಅವರು ಒಂದು ಸಲವೂ ಎತ್ತಲಿಲ್ಲ. ನಾನು ಬಿದ್ದಿದ್ದ ಜಾಗಕ್ಕೆ ಬಂದಾಗ ಮಾತ್ರ, ಅಲ್ಲೇನೋ ಮಬ್ಬುಮಬ್ಬಾಗಿ ಉಬ್ಬಿರುವುದನ್ನು ಗಮನಿಸಿ, ಹುಷಾರಾಗಿ ಬಳಸಿಕೊಂಡು ಹೋದರು. ಇಡೀ ಅಂಗಳದಲ್ಲಿ ನಿಜವಾದ ಉಬ್ಬು ಅದೊಂದೇ ಆಗಿತ್ತು. ಬಾಗಿಲಿನಲ್ಲಿ ಕುರ್ಚಿಗೆ ಒರಗಿ ಎರಡೂ ಕಣ್ಣು ತೆರೆದರು.

ಹೆಂಡತಿ ಹೆದರಿ ಹೆದರಿ ಕೇಳಿದಳು, "ಹಾಗಾದ್ರೆ ಇನ್ನೊಂದು ಕಣ್ಣಿಗೂ ಮಾಡಿಸ್ಕೊಳ್ತೀಯ ತಾನೇ ಅಪ್ಪ?"

"ಮಾಡಿಸ್ಕೊಳ್ಳದೆ ಏನಮ್ಮ," ಎಂದರು ಮಾವ. ಆಮೇಲೆ ಅಂಗಳದ ನಡುವೆ ಸೊಂಟ ಹಿಡಿದು ಕೂತಿದ್ದ ನನ್ನ ಕಡೆ ತಿರುಗಿ, ಬಹಳ ಸಂಕೋಚದಿಂದ, ಬಹಳ ಮರ್ಯಾದೆಯಿಂದ ಹೇಳಿದರು:

"ನೀವು ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ನಿಮ್ಮ ಕೆಲಸ ಮೆಚ್ಕೊಳ್ಳೋದಕ್ಕೆ ಅಂತ ಒಂದು ಕಣ್ಣು ಕೆಟ್ಟದ್ದೇ ಇಟ್ಕೊಳ್ಳೋಕಾಗಲ್ಲ ನೋಡಿ."